ದ್ವೇಷದ ಮಾತಿಗೆ ಕಾನೂನಿನ ಬೇಲಿ

ಭಾರತೀಯ ದಂಡ ಸಂಹಿತೆ 1862ರ ಜನವರಿ 1ರಂದು ಜಾರಿಗೆ ಬಂದಾಗ ಅದರಲ್ಲಿ ಧರ್ಮಕ್ಕೆ ಸಂಬಂಧಿಸಿದ ಅಪರಾಧಗಳಿಗೆಂದೇ ಒಂದು ಅಧ್ಯಾಯವಿತ್ತು. ಪೂಜಾಸ್ಥಳ ಕೆಡಿಸುವುದು, ಧಾರ್ಮಿಕ ಸಭೆಗೆ ಅಡ್ಡಿಪಡಿಸುವುದು, ಎದುರಿಗಿದ್ದವನ ಧರ್ಮಭಾವನೆ ನೋಯುವಂತೆ ಬೇಕೆಂದೇ ಮಾತಾಡುವುದು ಅದರೊಳಗೆ ಬಂದಿದ್ದವು. ಅಚ್ಚಾಗಿ ಊರೂರು ಸುತ್ತುವ ನಿಂದೆಯ ಬರಹಕ್ಕೆ ಅಲ್ಲಿ ಪ್ರತ್ಯೇಕ ಕಲಂ ಇರಲಿಲ್ಲ.

ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದ ಮರುವರ್ಷ, 1898ರಲ್ಲಿ, ಸರ್ಕಾರ ರಾಜದ್ರೋಹದ ಕಲಮನ್ನು ಬಿಗಿಗೊಳಿಸಿತು. ಅದೇ ತಿದ್ದುಪಡಿಯಲ್ಲಿ 153ಎ ಕಲಂ ಕೂಡ ಸೇರಿ, ವರ್ಗಗಳ ನಡುವೆ ವೈರ ಬೆಳೆಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಗೊತ್ತಾಯಿತು. ಅವಮಾನಕ್ಕೊಳಗಾದವರ ನೋವಿಗಿಂತ ತನ್ನ ಆಡಳಿತದ ನೆಮ್ಮದಿಯೇ ಸರ್ಕಾರಕ್ಕೆ ಮುಖ್ಯವಾಗಿತ್ತು ಎನ್ನಲು ಈ ಜೋಡಣೆಯೇ ಸಾಕ್ಷಿ.

ಕಲಮಿನ ಕೊರತೆ ಬಯಲಾದದ್ದು ಲಾಹೋರಿನಲ್ಲಿ. ಪ್ರವಾದಿ ಮಹಮ್ಮದರ ಖಾಸಗಿ ಬದುಕನ್ನು ಹೀಯಾಳಿಸುವ, ಲೇಖಕನ ಹೆಸರಿಲ್ಲದ ‘ರಂಗೀಲಾ ರಸೂಲ್’ ಎಂಬ ಪುಸ್ತಿಕೆ 1924ರಲ್ಲಿ ಅಲ್ಲಿ ಹೊರಬಂತು. ಪ್ರಕಾಶಕ ರಾಜಪಾಲನಿಗೆ ಕೆಳಗಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. 1927ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಅವನನ್ನು ಬಿಡುಗಡೆ ಮಾಡಿದರು. ಬರಹ ಕೆಟ್ಟದ್ದೆಂಬುದನ್ನು ಅವರೂ ಒಪ್ಪಿದ್ದರು. ಆದರೆ ತೀರಿಹೋದ ಧರ್ಮಗುರುವಿನ ಮೇಲಿನ ಟೀಕೆ 153ಎ ವ್ಯಾಪ್ತಿಗೆ ಬರದೆಂಬುದು ಅವರ ತೀರ್ಮಾನ. ಪ್ರತಿಭಟನೆ ಭುಗಿಲೆದ್ದಿತು. ಅದೇ ವರ್ಷ ಕೇಂದ್ರ ಶಾಸನಸಭೆ 295ಎ ಕಲಮನ್ನು ಅಂಗೀಕರಿಸಿತು. ಚರ್ಚೆಯಲ್ಲಿ ಜಿನ್ನಾ, ಪ್ರಾಮಾಣಿಕ ವಿಮರ್ಶಕರಿಗೂ ಇತಿಹಾಸ ಬರೆಯುವವರಿಗೂ ರಕ್ಷಣೆ ಬೇಕೆಂದು ವಾದಿಸಿದರು. ಬೇಕೆಂದೇ, ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಶಿಕ್ಷೆ ಎಂಬ ಮಿತಿ ಕಲಮಿನಲ್ಲಿ ಉಳಿಯಿತು. ಹೊಸ ಕಾನೂನು ಹಳೆಯ ಸಿಟ್ಟನ್ನು ಆರಿಸಲಿಲ್ಲ: 1929ರಲ್ಲಿ ರಾಜಪಾಲನ ಕೊಲೆಯಾಯಿತು. ಕೊಂದ ಇಲ್ಮುದ್ದೀನನ ಪರ ಮೇಲ್ಮನವಿಯಲ್ಲಿ ವಾದಿಸಿದವರೂ ಜಿನ್ನಾ ಅವರೇ; ಗಲ್ಲು ತಪ್ಪಲಿಲ್ಲ.

ಸ್ವಾತಂತ್ರ್ಯಾನಂತರ ಈ ಕಲಮುಗಳ ಸಿಂಧುತ್ವವೇ ಪ್ರಶ್ನೆಗೆ ಬಂತು. 1951ರ ಮೊದಲ ಸಂವಿಧಾನ ತಿದ್ದುಪಡಿ, ಸಾರ್ವಜನಿಕ ಸುವ್ಯವಸ್ಥೆಗಾಗಿ ವಾಕ್ ಸ್ವಾತಂತ್ರ್ಯಕ್ಕೆ ಸಮಂಜಸ ನಿರ್ಬಂಧ ಹೇರಲು ಅವಕಾಶ ಕೊಟ್ಟಿತು. 1957ರಲ್ಲಿ ರಾಮಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 295ಎ ಕಲಮನ್ನು ಎತ್ತಿಹಿಡಿಯಿತು. 1961ರಲ್ಲಿ ಅದರ ಶಿಕ್ಷೆ ಎರಡರಿಂದ ಮೂರು ವರ್ಷಕ್ಕೇರಿತು. ಅದೇ ತಿದ್ದುಪಡಿಯಲ್ಲಿ 153ಎ ಕಲಮಿಗೆ ಧರ್ಮ, ಜನಾಂಗ, ಭಾಷೆ, ಜಾತಿಗಳ ಹೆಸರು ಸೇರಿತು. ಸದುದ್ದೇಶದ ಟೀಕೆಗೆ ಆಸರೆಯಾಗಿದ್ದ ವಿವರಣೆ ಬಿದ್ದುಹೋಯಿತು. ಬಿಗಿಗೊಳಿಸುವ ಭರದಲ್ಲಿ ಕಳೆದುಕೊಂಡ ಆ ಸಾಲುಗಳು ಸಣ್ಣವಲ್ಲ.

ಪುಸ್ತಕ ಮುಟ್ಟುಗೋಲಿನ ಅಧಿಕಾರ ಇದ್ದದ್ದು ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿ. ಪಿ.ವಿ. ನಾರಾಯಣರ ಕಾದಂಬರಿ ‘ಧರ್ಮಕಾರಣ’ವನ್ನು ಕರ್ನಾಟಕ ಸರ್ಕಾರ ಮುಟ್ಟುಗೋಲು ಹಾಕಿಕೊಂಡದ್ದು ಇದರಡಿಯಲ್ಲೇ. ಬರಗೂರು ರಾಮಚಂದ್ರಪ್ಪ ಮತ್ತಿತರರು ಅದನ್ನು ಪ್ರಶ್ನಿಸಿದರೂ 2007ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು.

2014ರಲ್ಲಿ ಸುಪ್ರೀಂ ಕೋರ್ಟ್ ದ್ವೇಷದ ಮಾತಿನ ವಿಷಯವನ್ನು ಕಾನೂನು ಆಯೋಗದ ಪರಿಶೀಲನೆಗೆ ಒಪ್ಪಿಸಿತು. 2017ರ 267ನೇ ವರದಿ 153ಸಿ, 505ಎ ಎಂಬ ಎರಡು ಹೊಸ ಕಲಮುಗಳನ್ನು ಸೂಚಿಸಿತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವೆರಡೂ ಪ್ರತ್ಯೇಕ ಕಲಮುಗಳಾಗಿ ಬರಲಿಲ್ಲ. ಹಳೆಯ 153ಎ ಅಲ್ಲಿ 196ನೆಯದಾಗಿ, 295ಎ 299ನೆಯದಾಗಿ ಮುಂದುವರಿದಿವೆ. ಎಲೆಕ್ಟ್ರಾನಿಕ್ ಮಾಧ್ಯಮದ ಹೆಸರು ಹೊಸದಾಗಿ ಸೇರಿದೆ.