ಹುಲಿ ಕೊಂದರೆ ಇನಾಮು, ಹುಲಿ ನೋಡಲು ಟಿಕೆಟು: ಮೈಸೂರು ಝೂ ಮತ್ತು ನಮ್ಮ ಜಿಲ್ಲೆ

ಡಿಸೆಂಬರ್ ಬಂತೆಂದರೆ ಕಾರವಾರ, ಅಂಕೋಲಾ ಕಡೆಯ ಶಾಲೆಗಳಲ್ಲಿ ಪ್ರವಾಸದ ಸುದ್ದಿ ಶುರುವಾಗುತ್ತದೆ. ರಾತ್ರಿಯಿಡೀ ಬಸ್ಸು, ಬೆಳಿಗ್ಗೆ ಮೈಸೂರು. ಅರಮನೆ, ಚಾಮುಂಡಿ ಬೆಟ್ಟ, ಕೆ.ಆರ್.ಎಸ್., ಅದರ ನಡುವೆ ಝೂ. ನಾವೂ ಹಾಗೆಯೇ ಹೋಗಿ ಬಂದವರು. ಊರಿಗೆ ಮರಳಿದ ಮೇಲೆ ಅರಮನೆಯ ಕಂಬ ಎಷ್ಟು ಎಂದು ಯಾರಿಗೂ ನೆನಪಿರುವುದಿಲ್ಲ. ಜಿರಾಫೆಯ ಕುತ್ತಿಗೆ ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ಆದರೆ ಜಿರಾಫೆ ನೋಡಿ ಬಂದ ಹುಡುಗನ ಮನೆಯ ಹಿತ್ತಲಿಗೆ ಮಂಗ ಬರುತ್ತದೆ. ಕೊಟ್ಟಿಗೆಯ ಹತ್ತಿರ ಚಿರತೆ ಸುಳಿಯುತ್ತದೆ. ಗದ್ದೆಗೆ ಹಂದಿ ನುಗ್ಗುತ್ತದೆ. ಝೂದಲ್ಲಿ ನೋಡಿದ ಪ್ರಾಣಿಗೂ ಹಿತ್ತಲಿನ ಪ್ರಾಣಿಗೂ ಏನು ಸಂಬಂಧ ಎಂದು ಅವನಿಗೆ ಯಾರೂ ಹೇಳಿಕೊಡುವುದಿಲ್ಲ. ಆ ಸಂಬಂಧ ಹುಡುಕಲು ಈ ಝೂ ಹೇಗೆ ಹುಟ್ಟಿತು, ಹೇಗೆ ಬದಲಾಯಿತು ಎಂದು ನೋಡಬೇಕು. ಅದರ ಜೊತೆಗೆ ನಮ್ಮ ಜಿಲ್ಲೆಯ ಕಾಡಿನ ಕತೆಯನ್ನೂ ಇಟ್ಟು ನೋಡಬೇಕು.

1892ರಲ್ಲಿ ಅಲ್ಲಿ, ಇಲ್ಲಿ

ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರ್ 1892ರಲ್ಲಿ ಅರಮನೆಗೆ ಸೇರಿದ ಸುಮಾರು 10 ಎಕರೆ ಜಾಗದಲ್ಲಿ ಪ್ರಾಣಿಗಳನ್ನು ಸಾಕಲು ಶುರು ಮಾಡಿದರು. ಆಗ ಅದಕ್ಕೆ ಅರಮನೆ ಝೂ ಎಂದೇ ಹೆಸರು. ಎರಡೇ ವರ್ಷದಲ್ಲಿ, 1894ರ ಡಿಸೆಂಬರಿನಲ್ಲಿ, ಮಹಾರಾಜರು ಕಲ್ಕತ್ತೆಯಲ್ಲಿ ತೀರಿಕೊಂಡರು. ಝೂ ನಿಲ್ಲಲಿಲ್ಲ. ಹತ್ತು ವರ್ಷದೊಳಗೆ ಜಾಗ 45 ಎಕರೆಗೆ ಬೆಳೆಯಿತು. 1909ರಲ್ಲಿ ಸಂಸ್ಥಾಪಕರ ಹೆಸರನ್ನೇ ಇಟ್ಟರು. ಇಂದಿಗೂ ಅದರ ಪೂರ್ತಿ ಹೆಸರು ಶ್ರೀ ಚಾಮರಾಜೇಂದ್ರ ಮೃಗಾಲಯ. ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಕೈವಾಡ ಈ ಮೃಗಾಲಯದ ತೋಟಗಳಲ್ಲೂ ಇದೆ.

ಅದೇ ಕಾಲದಲ್ಲಿ ನಮ್ಮ ಕಡೆ ಏನಾಗುತ್ತಿತ್ತು? ಆಗ ನಾವು ಮೈಸೂರಿನವರಲ್ಲ. 1862ರಿಂದ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದ ಜಿಲ್ಲೆ. ಕಾರವಾರದವರಿಗೆ ದೊಡ್ಡ ಊರು ಎಂದರೆ ಮೈಸೂರಲ್ಲ, ಮುಂಬಯಿ. ಬಂದರಿನಲ್ಲಿ ಹಡಗು ಹತ್ತಿದರೆ ಮುಂಬಯಿಯಲ್ಲೇ ಇಳಿಯುವುದು. ಅಲ್ಲಿನ ಭಾಯಖಳಾದಲ್ಲಿ ಜನ ರಾಣಿಬಾಗ್ ಎಂದು ಕರೆಯುವ ತೋಟವಿತ್ತು, ಅದರಲ್ಲಿ ಪ್ರಾಣಿಗಳಿದ್ದವು. ಕೆಲಸ ಹುಡುಕಿ ಹೋದ ನಮ್ಮ ಕರಾವಳಿಯವರು ಸಿಂಹ ನೋಡುವುದಿದ್ದರೆ ಅಲ್ಲೇ.

ಹುಲಿ ನೋಡಲು ಮಾತ್ರ ಮುಂಬಯಿಗೆ ಹೋಗಬೇಕಾಗಿರಲಿಲ್ಲ. ನಮ್ಮ ಕಾಡಿನಲ್ಲಿ ಹುಲಿ ಧಾರಾಳವಾಗಿತ್ತು. ಕಾಡಂಚಿನ ಊರುಗಳಲ್ಲಿ ಇಂದಿಗೂ ಹುಲಿದೇವರ ಕಲ್ಲಿಗೆ ಪೂಜೆ ನಡೆಯುತ್ತದೆ. ದನ ಕಾಯುವವರು ಕೈಮುಗಿದು ಕಾಡಿಗೆ ಹೋಗುತ್ತಿದ್ದರು. ಬ್ರಿಟಿಷ್ ಸರಕಾರದ ಲೆಕ್ಕವೇ ಬೇರೆ ಇತ್ತು. ಹುಲಿ, ಚಿರತೆಯನ್ನು ಕೊಂದು ತಂದವರಿಗೆ ಸರಕಾರ ಇನಾಮು ಕೊಡುತ್ತಿತ್ತು. ಅವು ದನಕ್ಕೂ ಜನಕ್ಕೂ ಕಂಟಕ, ಮುಗಿಸಿದರೆ ಒಳ್ಳೆಯದು ಎಂಬುದು ಆಗಿನ ಆಡಳಿತದ ಧೋರಣೆ.

ಅಂದರೆ ಒಂದು ಕಡೆ ರಾಜನ ತೋಟದಲ್ಲಿ ಹುಲಿ ಪಂಜರದಲ್ಲಿತ್ತು, ಇನ್ನೊಂದು ಕಡೆ ಕಾಡಿನ ಹುಲಿಯ ತಲೆಗೆ ಬೆಲೆ ಕಟ್ಟಿತ್ತು. ಹುಲಿಗೆ ಅದರ ಕಾಡು ಬೇಕು ಎಂಬ ಯೋಚನೆ ಎರಡೂ ಕಡೆ ಇರಲಿಲ್ಲ. ಆಗ ಲೋಕದ ಎಲ್ಲಾ ಕಡೆಯೂ ಹೀಗೇ. ಲಂಡನ್ನಿನ ಝೂ 1828ರಲ್ಲಿ, ಕಲ್ಕತ್ತೆಯ ಅಲಿಪುರದ ಝೂ 1876ರಲ್ಲಿ ತೆರೆದವು. ದೂರದ ದೇಶದ ಪ್ರಾಣಿ ತಂದು ತೋರಿಸುವುದು ದೊಡ್ಡಸ್ತಿಕೆಯ ಲಕ್ಷಣವಾಗಿತ್ತು. 1907ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾರ್ಲ್ ಹಾಗೆನ್‌ಬೆಕ್ ಎಂಬವರು ಕಂಬಿ ತೆಗೆದು ಕಂದಕ ತೋಡಿ ಪ್ರಾಣಿಗಳನ್ನು ಬಯಲಲ್ಲಿ ತೋರಿಸಿದರು. ಇಂದು ಮೈಸೂರಿನಲ್ಲಿ ಕಂದಕದ ಆಚೆ ಹುಲಿ ನಡೆದಾಡುವುದನ್ನು ನೋಡುತ್ತೀರಲ್ಲ, ಆ ಪದ್ಧತಿಯ ಬೇರು ಅಲ್ಲಿದೆ.

ರಾಜನಿಂದ ಸರಕಾರಕ್ಕೆ

ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಮೃಗಾಲಯ ಅರಮನೆಯ ಕೈಯಿಂದ ಮೈಸೂರು ಸರಕಾರದ ಉದ್ಯಾನ ಇಲಾಖೆಗೆ ಬಂತು. ಮುಂದೆ ಕಾರಂಜಿ ಕೆರೆಯೂ ಸೇರಿ ಜಾಗ ಹಿಗ್ಗಿತು. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಗೆ ಮೈಸೂರಿನ ಝೂ ನಮ್ಮ ರಾಜ್ಯದ ಝೂ ಆಯಿತು. ಅದೇ ವರ್ಷ ದಾಂಡೇಲಿ ವನ್ಯಜೀವಿಧಾಮವೂ ಘೋಷಣೆಯಾಯಿತು.

ದೊಡ್ಡ ತಿರುವು ಬಂದದ್ದು 1972ರಲ್ಲಿ. ಆ ವರ್ಷ ಎರಡು ಸಂಗತಿ ನಡೆದವು. ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮೈಸೂರು ಮೃಗಾಲಯ ಅರಣ್ಯ ಇಲಾಖೆಯ ಕೈಗೆ ಹೋಯಿತು. ಅಲ್ಲಿಯವರೆಗೆ ಹೂದೋಟದ ಜೊತೆಗಿನ ಇನ್ನೊಂದು ತೋಟದಂತೆ ನಡೆಯುತ್ತಿದ್ದ ಝೂ, ಕಾಡು ನೋಡಿಕೊಳ್ಳುವವರ ಜವಾಬ್ದಾರಿ ಆಯಿತು. ಹುಲಿ ಕೊಂದರೆ ಇನಾಮು ಸಿಗುತ್ತಿದ್ದ ಜಿಲ್ಲೆಯಲ್ಲಿ ಹುಲಿ ಕೊಂದರೆ ಜೈಲು ಎಂದಾಯಿತು.

1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ಹುಟ್ಟಿತು. ಝೂ ನಡೆಸಲೆಂದೇ ಸ್ವಾಯತ್ತ ಸಂಸ್ಥೆ ಮಾಡಿದ್ದು ದೇಶದಲ್ಲಿ ಇದೇ ಮೊದಲು. ಟಿಕೆಟಿನ ಹಣ ಸರಕಾರದ ಖಜಾನೆಗೆ ಹೋಗಿ ಮಾಯವಾಗುವ ಬದಲು ಪ್ರಾಣಿಗಳ ಆಹಾರ, ಔಷಧಿ, ಸಂಬಳಕ್ಕೆ ಬಳಕೆಯಾಗುವ ದಾರಿ ಆಯಿತು. ಇಂದು ಬನ್ನೇರುಘಟ್ಟ, ಶಿವಮೊಗ್ಗದ ತ್ಯಾವರೆಕೊಪ್ಪ, ಗದಗದ ಬಿಂಕದಕಟ್ಟಿ, ಬೆಳಗಾವಿಯ ಭೂತರಾಮನಹಟ್ಟಿ, ಹಂಪಿಯ ಕಮಲಾಪುರ ಮುಂತಾದ ಕಡೆಯ ಮೃಗಾಲಯಗಳೂ ಇದೇ ಪ್ರಾಧಿಕಾರದ ಅಡಿಯಲ್ಲಿವೆ. ಮಂಗಳೂರಿನ ಪಿಲಿಕುಳದ್ದು ಬೇರೆ ಆಡಳಿತ. ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ.

1992ರಲ್ಲಿ ಮೈಸೂರು ಝೂಗೆ ನೂರು ತುಂಬಿತು. ಅದೇ ವರ್ಷ ಕೇಂದ್ರ ಮೃಗಾಲಯ ಪ್ರಾಧಿಕಾರ ಕೆಲಸ ಶುರು ಮಾಡಿತು. ಅದರ ಮಾನ್ಯತೆ ಇಲ್ಲದೆ ಯಾರೂ ಝೂ ನಡೆಸುವಂತಿಲ್ಲ ಎಂದಾಯಿತು. ಪ್ರಾಣಿಗೆ ಎಷ್ಟು ಜಾಗ ಬೇಕು, ವೈದ್ಯರು ಯಾರು, ದಾಖಲೆ ಹೇಗೆ ಇಡಬೇಕು ಎಂಬುದಕ್ಕೆಲ್ಲ ನಿಯಮ ಬಂತು. ಮುಂದೆ ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಕರಡಿ, ಮಂಗ ಕುಣಿಸುವುದಕ್ಕೂ ತಡೆ ಬಿತ್ತು. ನಮ್ಮ ಅಜ್ಜಿಯರ ಕಾಲದಲ್ಲಿ ಮನೆ ಬಾಗಿಲಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಮಕ್ಕಳಿಗೆ ಹೆದರಿಕೆ ಹೋಗಲೆಂದು ಕರಡಿ ಬೆನ್ನ ಮೇಲೆ ಕೂರಿಸುತ್ತಿದ್ದರು. ಅಂಥ ಕರಡಿಗಳನ್ನು ಬಿಡಿಸಿ ಸಾಕುವ ಕೇಂದ್ರ ಈಗ ಬನ್ನೇರುಘಟ್ಟದಲ್ಲಿದೆ.

ಎಲ್ಲವೂ ಚೆನ್ನಾಗಿಯೇ ನಡೆಯಿತು ಎಂದಲ್ಲ. 2004ರಲ್ಲಿ ಮೈಸೂರು ಝೂದಲ್ಲಿ ಆನೆಗಳೂ ಸೇರಿ ಕೆಲವು ಪ್ರಾಣಿಗಳು ಅನುಮಾನ ಬರುವಂತೆ ಸತ್ತವು, ರಾಜ್ಯದ ತುಂಬ ಗಲಾಟೆ ಆಯಿತು. 2017ರ ಜನವರಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಸುಮಾರು ಒಂದು ತಿಂಗಳು ಬಾಗಿಲು ಹಾಕಬೇಕಾಯಿತು. 2020ರಲ್ಲಿ ಕೊರೊನಾ ಬಂದಾಗ ಟಿಕೆಟಿನ ಆದಾಯವೇ ನಿಂತಿತು. ಜನ ಬರಲಿಲ್ಲ ಎಂದು ಹುಲಿ ಉಪವಾಸ ಇರುತ್ತದೆಯೇ? ಆಗ ಕೈಹಿಡಿದದ್ದು ದತ್ತು ಯೋಜನೆ. ಚಿಕ್ಕ ಹಕ್ಕಿಯಿಂದ ಆನೆಯವರೆಗೆ ಒಂದೊಂದಕ್ಕೂ ಒಂದು ದರ. ನೀವು ಒಂದು ವರ್ಷದ ಖರ್ಚು ಕಟ್ಟಿದರೆ ಆ ಪ್ರಾಣಿ ನಿಮ್ಮ ದತ್ತು, ಇರುವುದು ಮಾತ್ರ ಅಲ್ಲಿಯೇ. 2021ರಲ್ಲಿ ಊರೂರಿನ ಜನ ಫೋನಿನಲ್ಲೇ ಹಣ ಕಟ್ಟಿದರು.

ನೋಡುವುದರ ಆಚೆ

ಮೃಗಾಲಯದ ಕೆಲಸ ಈಗ ತೋರಿಸುವುದಷ್ಟೇ ಅಲ್ಲ. ಮೈಸೂರಿನಲ್ಲಿ ಶಾಲಾ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಯುತ್ತದೆ. ಯೂತ್ ಕ್ಲಬ್ ಇದೆ. ಅದಕ್ಕೆ ಸೇರಿದ ಮಕ್ಕಳು ವಾರದ ರಜೆಯಲ್ಲಿ ಬಂದು ಪ್ರಾಣಿಗಳ ಬಗ್ಗೆ ಕಲಿಯುತ್ತಾರೆ, ಸಾಕುವವರ ಜೊತೆ ಮಾತಾಡುತ್ತಾರೆ. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ, ಏಕೆಂದರೆ ಚಿಪ್ಸಿನ ತೊಟ್ಟೆ ಜಿಂಕೆಯ ಹೊಟ್ಟೆಗೆ ಹೋದರೆ ಜೀವಕ್ಕೆ ಅಪಾಯ. ಮಂಗಳವಾರ ರಜೆ.

ಊರು ಹೊರಗೆ ಕೂರ್ಗಳ್ಳಿಯಲ್ಲಿ ಇನ್ನೊಂದು ಕೇಂದ್ರವಿದೆ. ಅದಕ್ಕೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಉರುಳಿಗೆ ಸಿಕ್ಕಿ ಕಾಲು ಕಳೆದುಕೊಂಡ ಚಿರತೆ, ಹಲ್ಲು ಉದುರಿದ ಮುದಿ ಹುಲಿ ಇಂಥವನ್ನು ಅಲ್ಲಿ ಇಟ್ಟು ಸಾಕುತ್ತಾರೆ. ಮತ್ತೆ ಕಾಡಿಗೆ ಹೋಗಿ ಬೇಟೆಯಾಡಲು ಅವಕ್ಕೆ ಆಗುವುದಿಲ್ಲ. ನಾವು ಹಂದಿಗೆ ಒಡ್ಡಿದ ಉರುಳಿನಲ್ಲಿ ಚಿರತೆ ಸಿಕ್ಕಿಬಿದ್ದರೆ ಅದರ ಬಾಕಿ ಆಯುಷ್ಯ ಇಂಥ ಗೋಡೆಯೊಳಗೇ ಕಳೆಯುತ್ತದೆ.

ಇನ್ನೊಂದು ಕೆಲಸ ಸಂತಾನಾಭಿವೃದ್ಧಿ. ಕಾಡಿನಲ್ಲಿ ಕಡಿಮೆಯಾಗುತ್ತಿರುವ ಪ್ರಾಣಿಗಳನ್ನು ಝೂದಲ್ಲಿ ಸಾಕಿ ವಂಶ ಉಳಿಸುವುದು. ಚೆನ್ನೈ ಹತ್ತಿರದ ವಂಡಲೂರು, ತಿರುವನಂತಪುರ, ಮೈಸೂರು ಮೃಗಾಲಯಗಳಲ್ಲಿ ಹೀಗೆ ಸಾಕುವ ಪ್ರಾಣಿಗಳಲ್ಲಿ ಒಂದು ಸಿಂಗಳೀಕ. ಇಲ್ಲಿಗೆ ಕತೆ ನಮ್ಮ ಜಿಲ್ಲೆಗೆ ಬಂತು.

ಸಿಂಗಳೀಕ ನಮ್ಮದು

ಮೈಕಪ್ಪು, ಮುಖದ ಸುತ್ತ ಬೂದು ಬಿಳಿಯ ಕೇಸರ, ಬಾಲದ ತುದಿಗೆ ಸಿಂಹದ ಬಾಲದಂತೆ ಕುಚ್ಚು. ತೋಟಕ್ಕೆ ಬರುವ ಮುಸ್ಯಾ ಇದಲ್ಲ, ರಸ್ತೆಬದಿಯಲ್ಲಿ ಬಾಳೆಹಣ್ಣು ಕಸಿಯುವ ಕೆಂಪು ಮಂಗವೂ ಇದಲ್ಲ. ಸಿಂಗಳೀಕ ಮರದ ತುದಿಯಲ್ಲೇ ಬದುಕುತ್ತದೆ, ನೆಲಕ್ಕೆ ಇಳಿಯುವುದು ಅಪರೂಪ. ಇಡೀ ಲೋಕದಲ್ಲಿ ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇದು ಕಾಡಿನಲ್ಲಿ ಇಲ್ಲ. ಒಂದು ಹೆಣ್ಣು ಮರಿ ಹಾಕಿದರೆ ಮುಂದಿನ ಮರಿಗೆ ಎರಡು ಮೂರು ವರ್ಷ ಬೇಕು. ಹಾಗಾಗಿ ಕಡಿಮೆಯಾದರೆ ಬೇಗ ತುಂಬಿಕೊಳ್ಳುವುದಿಲ್ಲ.

ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಎಚ್.ಎನ್. ಕುಮಾರ 2000ದ ನಂತರದ ವರ್ಷಗಳಲ್ಲಿ ಶಿರಸಿ, ಹೊನ್ನಾವರ ಕಾಡುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಲೆಕ್ಕ ಹಾಕಿದರು. 32 ಗುಂಪು, ಆರು ನೂರಕ್ಕೂ ಹೆಚ್ಚು ಸಿಂಗಳೀಕ ಸಿಕ್ಕವು. ಒಂದೇ ಕಡೆ ಇಷ್ಟು ಇರುವ ಕಾಡು ದೇಶದಲ್ಲೇ ಕೆಲವು ಮಾತ್ರ. ಲೋಕದಲ್ಲಿ ಸಿಂಗಳೀಕದ ಉತ್ತರದ ಗಡಿಯೂ ನಮ್ಮ ಜಿಲ್ಲೆಯೇ. ಈ ಲೆಕ್ಕದ ಬಲದಿಂದ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಸುಮಾರು 300 ಚದರ ಕಿಲೋಮೀಟರ್. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದ ಜೊತೆ ಸೇರಿಸಿ ಸಿಂಗಳೀಕದ ಹೆಸರಿನಲ್ಲೇ ದೊಡ್ಡ ಅಭಯಾರಣ್ಯ ಮಾಡಿದರು.

ಇಲ್ಲಿ ಜನರ ಪಾಲೂ ಇದೆ. ಸಿಂಗಳೀಕ ತಿನ್ನುವ ಹಣ್ಣುಗಳಲ್ಲಿ ಉಪ್ಪಾಗೆ ಒಂದು. ಅದರ ಸಿಪ್ಪೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮಳೆಗಾಲದ ಆದಾಯ. ಹೊರದೇಶದಲ್ಲಿ ಬೊಜ್ಜು ಇಳಿಸುವ ಮಾತ್ರೆಗೆ ಉಪ್ಪಾಗೆ ಬೇಕಾಗಿ 1990ರ ದಶಕದಲ್ಲಿ ದರ ಏರಿತು. ಪೈಪೋಟಿಗೆ ಬಿದ್ದ ಜನ ಕಾಯಿ ಬಲಿಯುವ ಮೊದಲೇ ಕೊಯ್ದರು, ಟೊಂಗೆಯನ್ನೇ ಕಡಿದು ಇಳಿಸಿದವರೂ ಇದ್ದರು. ಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಿತು. ಟೊಂಗೆ ಹೋದ ಮರದಲ್ಲಿ ಮರುವರ್ಷ ಸಿಂಗಳೀಕಕ್ಕೂ ಹಣ್ಣಿಲ್ಲ, ಕೊಯ್ಯುವವರಿಗೂ ಇಲ್ಲ. ಹಣ್ಣಾಗುವ ತನಕ ಕಾಯುವುದು, ಒಂದಷ್ಟು ಮರದಲ್ಲೇ ಬಿಡುವುದು, ಕಡಿಮೆ ಸೌದೆಯ ಒಲೆಯಲ್ಲಿ ಒಣಗಿಸುವುದು, ಇವಿಷ್ಟನ್ನು ಊರವರು ಕೂಡಿ ಪಾಲಿಸಿದರೆ ಇಬ್ಬರಿಗೂ ಉಳಿಯುತ್ತದೆ. ಮೈಸೂರಿನ ಯಾವ ಝೂಗೂ ಈ ಕೆಲಸ ಮಾಡಲು ಆಗುವುದಿಲ್ಲ.

ಝೂ ಸಿಂಗಳೀಕದ ಕೆಲವು ಕುಟುಂಬಗಳನ್ನು ಸಾಕಬಲ್ಲದು. ಆರು ನೂರು ಸಿಂಗಳೀಕಗಳಿಗೆ ವರ್ಷವಿಡೀ ಹಣ್ಣು ಕೊಡುವುದು ಕಾಡಿನಿಂದ ಮಾತ್ರ ಸಾಧ್ಯ. ಒಂದು ಗುಂಪಿನ ಮರಗಳಿಗೂ ಇನ್ನೊಂದು ಗುಂಪಿನ ಮರಗಳಿಗೂ ನಡುವೆ ರಸ್ತೆ, ಗೆರೆ, ಬಯಲು ಬಂದರೆ ನೆಲಕ್ಕಿಳಿಯದ ಈ ಪ್ರಾಣಿಗೆ ದಾಟಲು ದಾರಿಯೇ ಇಲ್ಲ. ಹಾಗಾಗಿ ಶರಾವತಿ ಕಣಿವೆಯಲ್ಲಿ ಯಾವ ಯೋಜನೆಯ ಮಾತು ಎದ್ದರೂ ಮೊದಲು ಕೇಳಬೇಕಾದ ಪ್ರಶ್ನೆ, ಮರದ ತುದಿಗಳು ಒಂದಕ್ಕೊಂದು ತಾಗಿ ಉಳಿಯುತ್ತವೆಯೇ ಎಂಬುದು.

ಇನಾಮು ತಿರುಗಿದ ಕತೆ

ಕಾರವಾರ, ಅಂಕೋಲಾದ ಕಡಲ ದಂಡೆಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮೊದಲು ಆ ಮೊಟ್ಟೆ ಅಗೆದು ತಿನ್ನುವುದು, ಮಾರುವುದು ಸಾಮಾನ್ಯವಾಗಿತ್ತು. ಈಗ ಅರಣ್ಯ ಇಲಾಖೆಯವರು ಗೂಡಿಗೆ ಬಲೆಯ ಬೇಲಿ ಹಾಕಿ ಕಾಯುತ್ತಾರೆ. ಗೂಡಿನ ಸುದ್ದಿ ಕೊಟ್ಟ ಮೀನುಗಾರರಿಗೆ ಪ್ರೋತ್ಸಾಹಧನ ಕೊಟ್ಟದ್ದೂ ಇದೆ. ಮರಿಗಳು ಕಡಲಿಗೆ ಇಳಿಯುವ ದಿನ ಶಾಲೆಯ ಮಕ್ಕಳು ಬಂದು ಸಾಲಾಗಿ ನಿಂತು ನೋಡುತ್ತಾರೆ.

ಇದೇ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಪ್ರಾಣಿ ಕೊಂದವರಿಗೆ ಸರಕಾರ ಹಣ ಕೊಟ್ಟಿತ್ತು. ಇಂದು ಉಳಿಸಿದವರಿಗೆ ಕೊಡುತ್ತಿದೆ. ಮೈಸೂರಿನ ಝೂ ರಾಜನ ಮೋಜಿನಿಂದ ಶುರುವಾಗಿ ಗಾಯಗೊಂಡ ಚಿರತೆಯ ಆಸ್ಪತ್ರೆಯವರೆಗೆ ಬಂದ ದಾರಿಯೂ ಇದೇ.

ಮುಂದಿನ ಡಿಸೆಂಬರಿನಲ್ಲಿ ನಿಮ್ಮ ಮನೆಯ ಮಗು ಮೈಸೂರಿಗೆ ಹೊರಟರೆ ಒಂದು ಕೆಲಸ ಹೇಳಿ ಕಳಿಸಿ. ಸಿಂಗಳೀಕದ ಮನೆಯ ಮುಂದೆ ಐದು ನಿಮಿಷ ನಿಂತು ನೋಡಲಿ. ಅಲ್ಲಿನ ಫಲಕದಲ್ಲಿ ಬರೆದದ್ದನ್ನು ಓದಲಿ. ಶಿಕ್ಷಕರು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು, ಇದು ನಮ್ಮ ಜಿಲ್ಲೆಯ ಕಾಡಿನದು, ಊರಿಗೆ ಹೋದ ಮೇಲೂ ಇದರ ನೆನಪಿರಲಿ ಎಂದು ಹೇಳಲಿ. ಜಿರಾಫೆ ಎಲ್ಲಿಗೂ ಹೋಗುವುದಿಲ್ಲ, ಆಮೇಲೆ ನೋಡಬಹುದು.