ಸವೆದ ರೂಪಾಯಿಯ ಬೆಲೆ

ಇತಿಹಾಸದ ಪಾಠ ಮಾಡುವಾಗ ನಾನು ತರಗತಿಗೆ ಹಳೆಯ ನಾಣ್ಯಗಳನ್ನು ತರುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅವುಗಳಲ್ಲಿ ಟಿಪ್ಪುವಿನ ಕಾಲದ ಆನೆ ಕಾಸೊಂದು ಇತ್ತು. ಅದರ ಒಂದು ಬದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಏಕೆಂದು ನೀವಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಡುಗನಾಗಿದ್ದಾಗ ಹುಣಸೆಹಣ್ಣು, ಬೂದಿ ಹಾಕಿ ಅದನ್ನು ತಿಕ್ಕಿದವನು ನಾನೇ. ಟಂಕಸಾಲೆಯ ಹೆಸರೂ ವರ್ಷವೂ ಇದ್ದ ಬದಿ ಅದು. ಆನೆ ಉಳಿಯಿತು, ಅದರ ಊರು ಹೋಯಿತು.

ಈ ತಪ್ಪು ನನಗೆ ಮತ್ತೆ ನೆನಪಾದದ್ದು 2001ರಲ್ಲಿ. ಆ ವರ್ಷದ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ್ದವು. ಕೆಲವು ತಿಂಗಳ ಬಳಿಕ ಚಾಂಪಿಯನ್ ರೀಫ್‌ನ ಹಳೆಯ ವಿದ್ಯಾರ್ಥಿಯೊಬ್ಬ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಕರವಸ್ತ್ರದ ಗಂಟು ಬಿಚ್ಚಿ ಐದು ಬೆಳ್ಳಿ ರೂಪಾಯಿಗಳನ್ನು ನನ್ನ ಮೇಜಿನ ಮೇಲಿಟ್ಟ. ಅಜ್ಜಿಯ ಕಾಲದವು. ಮಗಳನ್ನು ಕಾಲೇಜಿಗೆ ಸೇರಿಸಬೇಕಿತ್ತು.

“ಸಾರ್, ಅಂಗಡಿಯವರು ತೂಕಕ್ಕೆ ಮಾತ್ರ ಕೊಡ್ತೀವಿ ಅಂತಾರೆ. ಹಳೇ ರೂಪಾಯಿಗೆ ಲಕ್ಷ ಬರುತ್ತೆ ಅಂತ ಕೇಳಿದೀನಿ. ನೀವೇ ನೋಡಿ ಹೇಳಿ.”

ನಾಣ್ಯ ಹಳೆಯದಾದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿ ಉಳಿದಿವೆ ಎಂಬುದೇ ಮುಖ್ಯ. 1907, 1913, 1918ರ ರೂಪಾಯಿಗಳು ಕೋಟಿಗಟ್ಟಲೆ ಅಚ್ಚಾದವು. ಇಷ್ಟು ಸವೆದ ಮೇಲೆ ಸಂಗ್ರಾಹಕರಿಗೆ ಬೇಡ. ಅವುಗಳಲ್ಲಿ ಎರಡಕ್ಕೆ ಸರಕ್ಕೆ ಪೋಣಿಸಲು ಬೆಸೆದ ಬಳೆಯ ಗುರುತೂ ಇತ್ತು. ನಾಲ್ಕನೆಯದು 1944ರದು. 1940ರಿಂದ ರೂಪಾಯಿಯ ಬೆಳ್ಳಿಯನ್ನು ನೂರಕ್ಕೆ 91.7ರಿಂದ 50ಕ್ಕೆ ಇಳಿಸಲಾಗಿತ್ತು. ಅಂಗಡಿಯವರು ಹೇಳಿದ್ದು ಈ ನಾಲ್ಕರ ಮಟ್ಟಿಗೆ ನ್ಯಾಯವೇ ಆಗಿತ್ತು.

ಐದನೆಯದರ ಮೇಲೆ ನನ್ನ ಕಣ್ಣು ನಿಂತಿತು. ದೊರೆಯ ಕಿರೀಟ, ಗಡ್ಡ, ನಿಲುವಂಗಿ ಎಲ್ಲವೂ ಒಂದೇ ಸಮನಾಗಿದ್ದವು. ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ಇಟ್ಟೆ: 11.2 ಗ್ರಾಂ. ಹೊಸ ರೂಪಾಯಿ ತೂಗುತ್ತಿದ್ದುದು 11.66 ಗ್ರಾಂ. ನೂರಕ್ಕೆ ಎರಡರಷ್ಟು ಸವೆದರೆ ಪೂರ್ಣ ಬೆಲೆಗೆ ಚಲಾವಣೆಯಾಗದು ಎಂದು ಬ್ರಿಟಿಷರ ನಾಣ್ಯ ಕಾಯಿದೆಯೇ ಹೇಳುತ್ತಿತ್ತು. ಇದು ಅದರ ಎರಡರಷ್ಟು ಸವೆದಿತ್ತು. ಆದರೆ ಹಿಂಬದಿಯಲ್ಲಿ, ಹಾರದ ನಡುವೆ, ಓರೆಯಾಗಿ ಬೆಳಕು ಬಿದ್ದಾಗ ವರ್ಷ ಸ್ಪಷ್ಟವಾಗಿ ಕಂಡಿತು: 1911.

ಐದನೆಯ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಹೊರಬಂದ ಮೊದಲ ರೂಪಾಯಿ ಅದು. ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಒಂದು ಪುಟ್ಟ ಆನೆಯಿತ್ತು. ಸೊಂಡಿಲು ಮೊಟಕಾಗಿದ್ದುದರಿಂದ ಅದು ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಮುಸಲ್ಮಾನರು ಆಕ್ಷೇಪಿಸಿದರು. ಅಚ್ಚಾಗಿದ್ದ ಸುಮಾರು 94 ಲಕ್ಷದಲ್ಲಿ ಏಳು ಲಕ್ಷದಷ್ಟು ಮಾತ್ರ ಹೊರಗೆ ಹೋಗಿದ್ದವು. ಉಳಿದವನ್ನು ತಡೆದು ಕರಗಿಸಿದರು. 1912ರಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು.

ಅವನ ನಾಣ್ಯದಲ್ಲಿ ಆನೆಯೂ ಇರಲಿಲ್ಲ, ಹಂದಿಯೂ ಇರಲಿಲ್ಲ. ಆ ಜಾಗವೇ ಮೊದಲು ಸವೆಯುವ ಎತ್ತರದ ಭಾಗ. ಆದರೂ ವರ್ಷವೊಂದೇ ಸಾಕ್ಷಿಗೆ ಸಾಕಾಗಿತ್ತು, ಏಕೆಂದರೆ 1911ರ ಅಚ್ಚೆಲ್ಲವೂ ಅದೇ ಬಗೆಯದು. ಬೆಳ್ಳಿಯ ಬೆಲೆಗಿಂತ ಹೆಚ್ಚು ಬರುತ್ತದೆ, ಆದರೆ ಲಕ್ಷದ ಮಾತು ಸುಳ್ಳು ಎಂದೆ. ಅವನ ಮುಖ ಬಾಡಿತು. ನಾನೂ ಬಹಳ ಹೊತ್ತು ಮಾತಾಡಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನಿಗೂ ಅಂಥ ಹೊತ್ತಿನಲ್ಲಿ ಹೇಳಲು ಏನೂ ಇರುವುದಿಲ್ಲ.

“ಹಾಗಾದ್ರೆ ತಿಕ್ಕಿ ಹೊಳಪು ಮಾಡಿಸಿ ಮಾರಲಾ ಸಾರ್?” ಎಂದ.

ಆಗ ನನ್ನ ಆನೆ ಕಾಸನ್ನು ತಂದು ತೋರಿಸಿದೆ. ಕೈಯಿಂದ ಕೈಗೆ ಹೋಗಿ ಸವೆದದ್ದನ್ನು ಸಂಗ್ರಾಹಕರು ಒಪ್ಪುತ್ತಾರೆ. ಕಪ್ಪುಗಟ್ಟಿದ ಮೇಲ್ಪದರವನ್ನು ಕಿತ್ತು ಗೀರು ಬೀಳಿಸಿದ್ದನ್ನು ಒಪ್ಪುವುದಿಲ್ಲ. ಅವನು ಅದನ್ನು ಎರಡೂ ಬದಿ ತಿರುಗಿಸಿ ನೋಡಿ, ಏನೂ ಹೇಳದೆ ಹಿಂದಕ್ಕೆ ಕೊಟ್ಟ.

ನಾಲ್ಕನ್ನು ಅವನು ಅದೇ ಸಂಜೆ ಬಂಗಾರಪೇಟೆಯಲ್ಲಿ ತೂಕಕ್ಕೆ ಮಾರಿದ. ಸಾಲದೆ ಬಂದ ಹಣಕ್ಕೆ ಸಾಲ ಮಾಡಿದ. ಐದನೆಯದನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡ.

ಆ ಮಗಳು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಕಳೆದ ತಿಂಗಳು ನನಗೆ ಪತ್ರ ಬರೆದು, ತಂದೆಯ ರೂಪಾಯಿ ಪೂರ್ತಿ ಕಪ್ಪಾಗಿದೆ, ತೊಳೆಯಬಹುದೇ ಎಂದು ಕೇಳಿದ್ದಾಳೆ. ಬೇಡಮ್ಮಾ, ಹಾಗೆಯೇ ಇರಲಿ ಎಂದು ಉತ್ತರಿಸಿದ್ದೇನೆ.