ಅನ್ನಭೇದಿಯ ಕೆಂಪು

ನಮ್ಮ ಊರುಗಳ ಕುಂಬಾರನ ಮಡಕೆ ಆವಿಗೆಯಿಂದ ಹೊರಬರುವಾಗ ತಾನಾಗಿಯೇ ಕೆಂಪಾಗಿರುತ್ತದೆ. ಮಣ್ಣಿನಲ್ಲಿರುವ ಕಬ್ಬಿಣವೇ ಅದಕ್ಕೆ ಕಾರಣ. ಆದರೆ ಬೆಳ್ಳಗಿನ ಪಿಂಗಾಣಿಯ ಮೇಲೆ ಒಳ್ಳೆಯ ಕೆಂಪನ್ನು ತರುವುದು ಚಕ್ರವರ್ತಿಗಳ ಕುಂಬಾರರಿಗೂ ಸುಲಭವಾಗಿರಲಿಲ್ಲ. ಈ ಕೆಂಪಿಗಾಗಿ ತಾಮ್ರಕ್ಕೂ ಕಬ್ಬಿಣಕ್ಕೂ ನಡೆದ ಪೈಪೋಟಿಯ ಕಥೆ ಸ್ವಾರಸ್ಯಕರವಾದುದು.

ಚೀನಾ ದೇಶದ ಜಿಯಾಂಗ್ಸಿ ಪ್ರಾಂತ್ಯದ ಜಿಂಗ್ಡೆಜೆನ್ ಪಟ್ಟಣ ಪಿಂಗಾಣಿಗೆ ಜಗತ್ಪ್ರಸಿದ್ಧ. ಮಿಂಗ್ ವಂಶದ ಷ್ವಾನ್‌ಡೆ ಚಕ್ರವರ್ತಿಯ ಕಾಲದಲ್ಲಿ (1426–35) ಅಲ್ಲಿ ತಯಾರಾದ ಅಚ್ಚಗೆಂಪು ಪಾತ್ರೆಗಳಿಗೆ ಸಾಟಿಯಿಲ್ಲವೆನ್ನುತ್ತಾರೆ. ಆ ಕೆಂಪು ತಾಮ್ರದ್ದು. ಮೆರುಗಿನಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ತಾಮ್ರ ಬೆರೆಸಿ, ಸುಮಾರು 1300 ಡಿಗ್ರಿ ಶಾಖದಲ್ಲಿ, ಗಾಳಿಯನ್ನು ಬಿಗಿಹಿಡಿದು ಸುಡಬೇಕು. ಗಾಳಿ ಹೆಚ್ಚಾದರೆ ಕೆಂಪು ಹಸಿರಿಗೆ ತಿರುಗುತ್ತದೆ. ಶಾಖ ಮೀರಿದರೆ ಬಣ್ಣವೇ ಹಾರಿಹೋಗುತ್ತದೆ. ಆವಿಗೆ ಕೆಟ್ಟರೆ ನಷ್ಟ ಕುಂಬಾರನದು, ಆಜ್ಞೆ ಮಾತ್ರ ಅರಮನೆಯದು. ಅರಮನೆಯ ಬೇಡಿಕೆಯನ್ನು ಪೂರೈಸಲಾರದೆ ಉರಿಯುವ ಆವಿಗೆಗೆ ಹಾರಿ, ಮುಂದೆ ಕುಂಬಾರರ ದೇವರಾದವನೊಬ್ಬನ ಕಥೆ ಆ ಊರಿನಲ್ಲಿ ಪ್ರಚಲಿತವಾಗಿತ್ತು.

ಕ್ರಮೇಣ ತಾಮ್ರದ ಕೆಂಪು ಕೈಗೆ ಸಿಗದಾಯಿತು. ಕೊನೆಗೆ 1523ರಲ್ಲಿ, ಜಿಯಾಜಿಂಗ್ ಚಕ್ರವರ್ತಿಯ ಕಾಲದಲ್ಲಿ, ಅಚ್ಚಗೆಂಪಿನ ಬದಲು ಕಬ್ಬಿಣದ ಕೆಂಪನ್ನೇ ಮಾಡಬಹುದೆಂದು ಆಜ್ಞೆ ಹೊರಟಿತು. 1530ರ ಹೊತ್ತಿಗೆ ಪೂಜಾಪಾತ್ರೆಗಳ ಬಣ್ಣಗಳೂ ನಿಗದಿಯಾದವು: ಆಕಾಶಕ್ಕೆ ನೀಲಿ, ಭೂಮಿಗೆ ಹಳದಿ, ಸೂರ್ಯನಿಗೆ ಕೆಂಪು, ಚಂದ್ರನಿಗೆ ಬಿಳುಪು. ಸೂರ್ಯನ ಪೂಜೆ ನಿಲ್ಲುವಂತಿಲ್ಲ. ಕೆಂಪು ಬೇಕೇ ಬೇಕು.

ಕಬ್ಬಿಣದ ಕೆಂಪನ್ನು ಮಾಡುವ ವಿಧಾನವನ್ನು ಫ್ರೆಂಚ್ ಪಾದ್ರಿ ದಾಂತ್ರಕೋಲ್ 1712ರಲ್ಲಿ ಬರೆದ ಪತ್ರದಲ್ಲಿ ವಿವರಿಸಿದ್ದಾನೆ. ಮೂಲವಸ್ತು ನಮ್ಮ ಅನ್ನಭೇದಿಯೇ! ಅಳಲೆಕಾಯಿಯ ಜೊತೆ ಬೆರೆಸಿ ನಮ್ಮ ಹಿರಿಯರು ಮಸಿ ಮಾಡುತ್ತಿದ್ದ ಆ ಹಸಿರು ಹರಳು. ಒಂದು ಪೌಂಡು ಅನ್ನಭೇದಿಯನ್ನು ಮೂಸೆಯಲ್ಲಿಟ್ಟು, ಮೇಲೊಂದು ಮೂಸೆ ಕವುಚಿ ಸಂದನ್ನು ಮೆತ್ತಿ, ಸುತ್ತಲೂ ಇದ್ದಿಲಿನ ಬೆಂಕಿ ಹಾಕಬೇಕು. ಮೇಲಿನ ಸಣ್ಣ ರಂಧ್ರದಿಂದ ಕಪ್ಪು ಹೊಗೆ ಬರುವವರೆಗೆ ಪಾಕ ಆಗಿಲ್ಲ. ತೆಳುವಾದ ಮೋಡದಂತಹ ಹೊಗೆ ಬಂದರೆ ಆಯಿತು. ಸ್ವಲ್ಪ ತೆಗೆದು ನೀರಿನಲ್ಲಿ ಕಲಸಿ ಮರದ ಮೇಲೆ ಹಚ್ಚಿ ನೋಡಬೇಕು. ಒಂದು ಪೌಂಡಿಗೆ ನಾಲ್ಕು ಔನ್ಸು ಕೆಂಪು ದೊರೆಯುತ್ತದೆ. ಈ ಕೆಂಪು ಒಂದು ಪಾಲಿಗೆ ಸೀಸದ ಬಿಳಿಪುಡಿ ಐದು ಪಾಲು ಸೇರಿಸಿ, ಅಂಟುನೀರಿನಲ್ಲಿ ಕಲಸಿ, ಆಗಲೇ ಸುಟ್ಟು ಮೆರುಗು ಬಂದ ಪಾತ್ರೆಯ ಮೇಲೆ ಬಳಿದು, ಹದವಾದ ಬೆಂಕಿಯಲ್ಲಿ ಮತ್ತೊಮ್ಮೆ ಸುಡುವುದು.

ಬಿ.ಎಸ್‌ಸಿ. ಓದಿದ ನಮಗೆ ಈ ಲೆಕ್ಕವನ್ನು ಪರೀಕ್ಷಿಸುವ ಚಪಲ. ಅನ್ನಭೇದಿಯ ಅಣುಭಾರ 278. ಅದನ್ನು ಪೂರ್ತಿ ಕಾಯಿಸಿದರೆ ಉಳಿಯುವ ಕಬ್ಬಿಣದ ಆಕ್ಸೈಡು 80 ಪಾಲು. ಅಂದರೆ ನೂರಕ್ಕೆ ಸುಮಾರು 29. ಪಾದ್ರಿಯ ಲೆಕ್ಕದಲ್ಲಿ ಹದಿನಾರು ಔನ್ಸಿಗೆ ನಾಲ್ಕು, ಅಂದರೆ ನೂರಕ್ಕೆ 25. ಮೂಸೆಗೆ ಅಂಟಿದ್ದು, ಗಾಳಿಗೆ ಹೋದದ್ದು ಕಳೆದರೆ ಎಷ್ಟು ಹತ್ತಿರ! ರಸಾಯನಶಾಸ್ತ್ರದ ಸೂತ್ರಗಳು ಹುಟ್ಟುವ ಮೊದಲೇ ಆ ಕುಸುಬುದಾರರ ತಕ್ಕಡಿ ಸರಿಯಾಗಿ ತೂಗುತ್ತಿತ್ತು.

ಇದಕ್ಕೆ ಹೋಲಿಸಬಹುದಾದ ಇನ್ನೊಂದು ಕೆಂಪು ಜಪಾನಿನ ಮಾಷಿಕೊ ಊರಿನದು. ಷೋಜಿ ಹಮಾದ (1894–1978) ಅದನ್ನು ಲೋಕವಿಖ್ಯಾತ ಮಾಡಿದ. ಅಲ್ಲಿ ಅನ್ನಭೇದಿಯೂ ಇಲ್ಲ, ಸೀಸವೂ ಇಲ್ಲ. ಆ ಸೀಮೆಯ ಕಬ್ಬಿಣಯುಕ್ತ ಕಲ್ಲೊಂದರ ಪುಡಿಯೇ ಮೆರುಗು. ಹೆಚ್ಚಿನ ಶಾಖದಲ್ಲಿ ಕರಗಿದ ಕಬ್ಬಿಣ, ಪಾತ್ರೆ ತಣಿಯುವಾಗ ಹರಳುಗಟ್ಟಿ ಮೇಲ್ಮೈಗೆ ಬರುತ್ತದೆ, ಬಣ್ಣ ಇಟ್ಟಿಗೆಗೆಂಪು. ಚೀನಾದ ಕೆಂಪಿನಲ್ಲಿ ಕಬ್ಬಿಣ ಕರಗುವುದೇ ಇಲ್ಲವೆನ್ನಬಹುದು. ನುಣ್ಣನೆಯ ಪುಡಿಯಾಗಿ ಸೀಸದ ಗಾಜಿನಲ್ಲಿ ಹುದುಗಿರುತ್ತದೆ. ಅದೇ ಕಬ್ಬಿಣವನ್ನು ಸ್ವಲ್ಪವೇ ಬೆರೆಸಿ ಗಾಳಿ ಕಡಿಮೆ ಮಾಡಿ ಸುಟ್ಟರೆ ಎಳೆಹಸಿರು ಬರುತ್ತದೆ! ವಸ್ತು ಒಂದೇ, ಬೆಂಕಿಯೂ ಸಹವಾಸವೂ ಬಣ್ಣವನ್ನು ತೀರ್ಮಾನಿಸುತ್ತವೆ.

ಕಾಂಗ್‌ಷಿ ಚಕ್ರವರ್ತಿಯ ಕಾಲದಲ್ಲಿ (1662–1722) ತಾಮ್ರದ ಕೆಂಪು ಮತ್ತೆ ಕುಂಬಾರರ ವಶವಾಯಿತು. ಆದರೂ ಕಬ್ಬಿಣದ ಕೆಂಪು ಮರೆಯಾಗಲಿಲ್ಲ. ನವುರಾದ ಹೂ ಬಳ್ಳಿ ಬರೆಯಲು ಅದೇ ಬೇಕಾಗಿತ್ತು.

ನಮ್ಮ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಟಾಟಾ ಮನೆತನದವರು ಕೂಡಿಸಿದ ಚೀನೀ, ಜಪಾನೀ ಪಿಂಗಾಣಿಗಳಿವೆ. ಹೈದರಾಬಾದಿನವರಿಗೆ ಸಾಲಾರ್ ಜಂಗ್ ಸಂಗ್ರಹವಿದೆ. ರಜಾದಿನದಲ್ಲಿ ಮಕ್ಕಳನ್ನು ಕರೆದುಕೊಂಡು ಹೋದಾಗ ಕೆಂಪು ಕಂಡಲ್ಲಿ ಒಂದು ನಿಮಿಷ ನಿಲ್ಲಿ. ಬಣ್ಣ ಮೆರುಗಿನ ಆಳದಿಂದ ಹೊಳೆದರೆ ಅದು ಪ್ರಾಯಶಃ ತಾಮ್ರ; ಮೆರುಗಿನ ಮೇಲೆ ಕಿತ್ತಳೆ ಛಾಯೆಯಿಂದ ಕುಳಿತು, ಅಲ್ಲಲ್ಲಿ ಸವೆದಿದ್ದರೆ ಕಬ್ಬಿಣ. ಆ ಸವೆದ ಕೆಂಪನ್ನು ಕೀಳೆಂದು ಮಕ್ಕಳಿಗೆ ಹೇಳಬೇಡಿ. ಅರಮನೆಯ ಹಟಕ್ಕೂ ಆವಿಗೆಯ ಹಟಕ್ಕೂ ನಡುವೆ ಸಿಕ್ಕಿದ ಕುಂಬಾರನ ಅನ್ನವನ್ನು ಉಳಿಸಿದ್ದು ಅದೇ ಅನ್ನಭೇದಿ.